ನಿಮಗಿದು ಗೊತ್ತೇ? ಬೈಕಿನ ಹೆಚ್ಚುವರಿ ದೀಪ, ಅರ್ಧ ಡಿಗ್ರಿಯ ಲೆಕ್ಕ

◆ ಬೆಂಗಳೂರಿನ ಕನಕಪುರ ರಸ್ತೆಯ ಕೋಣನಕುಂಟೆ ಕ್ರಾಸ್‌ನಲ್ಲಿ ಬೈಕಿನ ಹೆಚ್ಚುವರಿ ದೀಪಕ್ಕೆ ಕೆಲಸವೇ ಇಲ್ಲ. ಭಾರತೀಯ ಮಾನಕ ಐಎಸ್ 1944ರ ಪ್ರಕಾರ ಊರಿನ ಮುಖ್ಯ ರಸ್ತೆಗಳ ಮೇಲೆ ಬೀದಿದೀಪ 15ರಿಂದ 30 ಲಕ್ಸ್ ಬೆಳಕು ಚೆಲ್ಲಬೇಕು. ಹುಣ್ಣಿಮೆ ಚಂದ್ರ ಕೊಡುವುದೇ ಹೆಚ್ಚೆಂದರೆ ಕಾಲು ಲಕ್ಸ್‌ನ ಆಸುಪಾಸು. ಬೀದಿದೀಪ ಉರಿಯುತ್ತಿರುವ ಕಡೆ ಲೆಗ್‌ಗಾರ್ಡ್‌ನ ಎರಡು ಎಲ್‌ಇಡಿ ಹೊತ್ತಿಸಿದರೆ ಸವಾರನಿಗೆ ಹೊಸದಾಗಿ ಏನೂ ಕಾಣುವುದಿಲ್ಲ. ಎದುರಿನಿಂದ ಬರುವವನಿಗೆ ಮಾತ್ರ ಇದ್ದದ್ದೂ ಕಾಣುವುದಿಲ್ಲ.

◆ ಅದೇ ಕನಕಪುರ ರಸ್ತೆಯಲ್ಲಿ ದೊಡ್ಡಕಲ್ಲಸಂದ್ರ, ವಾಜರಹಳ್ಳಿ, ತಲಘಟ್ಟಪುರ ದಾಟಿ, ಸಿಲ್ಕ್ ಇನ್‌ಸ್ಟಿಟ್ಯೂಟ್‌ನಲ್ಲಿ ಮೆಟ್ರೊ ಕಂಬಗಳೂ ಮುಗಿದ ಮೇಲೆ ಲೆಕ್ಕ ಬದಲಾಗುತ್ತದೆ. ಕಗ್ಗಲೀಪುರ, ಹಾರೋಹಳ್ಳಿ ಕಡೆಗೆ ಹೋದಂತೆ ಬೀದಿದೀಪ ವಿರಳವಾಗಿ, ದಾರಿ ತೋರಿಸುವ ಜವಾಬ್ದಾರಿ ಬೈಕಿನ ಮೇಲೆಯೇ ಬೀಳುತ್ತದೆ. ಹೆಚ್ಚುವರಿ ದೀಪ ಇರುವುದು ಆ ಕತ್ತಲೆಗೆ. ಆದ್ದರಿಂದ ದೀಪಕ್ಕಿಂತ ಮೊದಲು ಕೊಳ್ಳಬೇಕಾದದ್ದು ಅದನ್ನು ಆರಿಸುವ ಸ್ವಿಚ್ಚು. ಹ್ಯಾಂಡಲ್ ಬಾರ್‌ನಲ್ಲಿ, ಹೆಬ್ಬೆರಳಿಗೆ ಎಟುಕುವ ಜಾಗದಲ್ಲಿ.

◆ ಕೋಣನಕುಂಟೆಯ ಸವಾರನಿಗೆ ಹತ್ತಿರದ ಕತ್ತಲ ರಸ್ತೆ ಎಂದರೆ ನೈಸ್ ರಸ್ತೆ. ಅಲ್ಲಿ 2022ರ ಜನವರಿಯಲ್ಲಿ ಬೆಂಗಳೂರು ಸಂಚಾರ ಪೊಲೀಸರು ರಾತ್ರಿ 10ರಿಂದ ಬೆಳಗಿನ 5ರವರೆಗೆ ದ್ವಿಚಕ್ರ ವಾಹನಗಳನ್ನು ನಿಷೇಧಿಸಿದರು. ದೀಪ ಎಷ್ಟು ಪ್ರಖರವಾಗಿದ್ದರೂ ಆ ಗೇಟಿನಲ್ಲಿ ನಡೆಯುವುದಿಲ್ಲ.

◆ ಮನೆ ಮುಂದಿನ ಹೆದ್ದಾರಿಯ ಇನ್ನೊಂದು ತುದಿಯಲ್ಲೂ ಇಂಥದೇ ಗೇಟಿದೆ. ಕೋಣನಕುಂಟೆ ಮುಂದೆ ಹಾಯುವ ಕನಕಪುರ ರಸ್ತೆಯೇ ರಾಷ್ಟ್ರೀಯ ಹೆದ್ದಾರಿ 948. ಹಳಬರ ಬಾಯಲ್ಲಿ ಇನ್ನೂ 209. ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಚಾಮರಾಜನಗರ ದಾಟಿ ತಮಿಳುನಾಡಿನ ದಿಂಬಂ ಘಾಟಿ ಇಳಿದು ಕೊಯಮತ್ತೂರಿಗೆ ಹೋಗುತ್ತದೆ. ಆ ಘಾಟಿಯ ಬಣ್ಣಾರಿ–ಕಾರಪಳ್ಳಂ ನಡುವೆ ವನ್ಯಜೀವಿಗಳಿಗಾಗಿ 2022ರ ಫೆಬ್ರವರಿಯಿಂದ ರಾತ್ರಿ ಸಂಚಾರ ನಿರ್ಬಂಧ ಜಾರಿಗೆ ಬಂತು. ಬಂಡೀಪುರದಲ್ಲಂತೂ 2009ರಿಂದಲೇ ರಾತ್ರಿ 9ರಿಂದ ಬೆಳಗಿನ 6ರವರೆಗೆ ಹೆದ್ದಾರಿ ಬಂದ್.

◆ ಗುಂಡಿ ಕಾಣಬೇಕೆಂದರೆ ದೀಪ ಮೇಲಿರಬಾರದು, ಕೆಳಗಿರಬೇಕು. ಬೆಂಗಳೂರಿನವರಿಗೆ ಇಷ್ಟು ಉಪಯೋಗದ ಸಂಗತಿ ಇನ್ನೊಂದಿಲ್ಲ. ಮೇಲಿನಿಂದ ಬೀಳುವ ಬೆಳಕು ಗುಂಡಿಯ ತಳವನ್ನೂ ಅಂಚನ್ನೂ ಒಂದೇ ಸಮನೆ ಬೆಳಗಿ ಚಪ್ಪಟೆ ಮಾಡುತ್ತದೆ. ನೆಲ ಸವರಿಕೊಂಡು ಹೋಗುವ ಬೆಳಕಿಗೆ ಗುಂಡಿಯ ಹತ್ತಿರದ ಅಂಚು ಅಡ್ಡ ಬಂದು ಒಳಗೆ ನೆರಳು ತುಂಬುತ್ತದೆ. ಬಣ್ಣ ಬಳಿಯದ ಹಂಪ್‌ನ ಬೆನ್ನ ಹಿಂದೆಯೂ ನೆರಳು ಉದ್ದವಾಗುತ್ತದೆ. ಕಣ್ಣು ಗುರುತಿಸುವುದು ಗುಂಡಿಯನ್ನಲ್ಲ, ಆ ನೆರಳನ್ನು. ಹ್ಯಾಂಡಲ್ ಬಾರ್‌ಗಿಂತ ಲೆಗ್‌ಗಾರ್ಡ್ ಒಳ್ಳೆಯ ಜಾಗ ಎನ್ನುವುದಕ್ಕೆ ಕಾರಣ ಇದು.

ಹ್ಯಾಂಡಲ್ ಬಾರ್ ಪರವಾಗಿಯೂ ಒಂದು ಮಾತಿದೆ: ಅಲ್ಲಿ ಕೂರಿಸಿದ ದೀಪ ಹ್ಯಾಂಡಲ್ ಜೊತೆ ತಿರುಗುತ್ತದೆ. ಆದರೆ ಬೈಕ್ ತಿರುವು ದಾಟುವುದು ಹ್ಯಾಂಡಲ್ ತಿರುಗಿಸಿ ಅಲ್ಲ, ವಾಲಿ. ವೇಗದಲ್ಲಿರುವಾಗ ಹ್ಯಾಂಡಲ್ ತಿರುಗುವುದು ಅತ್ಯಲ್ಪ. ಹಾಗಾಗಿ ಆ ಲಾಭ ದೊರೆಯುವುದು ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನೊಳಗೆ ಮಾತ್ರ.

◆ ವಾಲಿದಾಗ ಬೆಳಕಿನ ಗೆರೆಯೂ ವಾಲುತ್ತದೆ. ತಿರುವಿನ ಒಳಬದಿ, ಅಂದರೆ ಸವಾರ ನೋಡಬೇಕಾದ ಬದಿಯೇ, ಕತ್ತಲಾಗುತ್ತದೆ. ಬಿಎಂಡಬ್ಲ್ಯು 2010ರಲ್ಲಿ ಅನಾವರಣ ಮಾಡಿದ ಕೆ1600 ಬೈಕಿನಲ್ಲಿ ಇದಕ್ಕೆಂದೇ ವಾಲುವಿಕೆ ಅಳೆದು ಬೆಳಕನ್ನು ನೇರ ಮಾಡುವ ಹೆಡ್‌ಲೈಟ್ ಇತ್ತು. ನಮ್ಮ ಬಜೆಟ್ಟಿನ ಪರಿಹಾರ ಅಗಲ ಹರಡುವ ಒಂದು ಜೋಡಿ ದೀಪ. ದೂರ ಹೊಡೆಯುವ ಸ್ಪಾಟ್ ಲೈಟು ಚಾರ್ಮಾಡಿಯ ತಿರುವಿನಲ್ಲಿ ಎದುರಿನ ಮರದ ತುದಿಯನ್ನು ಚೆನ್ನಾಗಿ ತೋರಿಸುತ್ತದೆ, ಅಷ್ಟೇ.

◆ ಕಾನೂನಿನ ಪುಸ್ತಕದಲ್ಲಿ ಅಕ್ಕಪಕ್ಕ ಕೂತ ಎರಡು ನಿಯಮಗಳನ್ನು ಒಟ್ಟಿಗೇ ಓದಬೇಕು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 105ನೆಯದು, ಕತ್ತಲಾದ ಮೇಲೆ ವಾಹನದ ದೀಪ 155 ಮೀಟರ್ ಮುಂದಿರುವ ಜನ, ವಾಹನಗಳನ್ನು ಸ್ಪಷ್ಟವಾಗಿ ತೋರಿಸಬೇಕು ಎನ್ನುತ್ತದೆ. ಅದರ ಬೆನ್ನಿಗೇ ಇರುವ 106, ಬೆಳಕು ಶಾಶ್ವತವಾಗಿ ಕೆಳಮುಖವಾಗಿರಬೇಕು, ದೀಪದಿಂದ 8 ಮೀಟರ್ ಮುಂದೆ, ಅರ್ಧ ಮೀಟರ್ ಬಲಕ್ಕೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣನ್ನು ಕುಕ್ಕಬಾರದು ಎನ್ನುತ್ತದೆ. ದೂರ ನೋಡು, ಆದರೆ ಎದುರಿನವನ ಕಣ್ಣಿಗೆ ಹೊಡೆಯಬೇಡ. ಹೆಚ್ಚುವರಿ ದೀಪದ ಇಡೀ ವಿದ್ಯೆ ಈ ಎರಡು ನಿಯಮಗಳ ನಡುವಿನ ಕಿಂಡಿಯಲ್ಲಿದೆ.

◆ ಆ ಕಿಂಡಿ ಎಷ್ಟು ಕಿರಿದು? ನೆಲದಿಂದ 70 ಸೆಂಟಿಮೀಟರ್ ಎತ್ತರದಲ್ಲಿ ನಿಮ್ಮ ದೀಪ. 80 ಮೀಟರ್ ದೂರದಲ್ಲಿ ಎದುರಿನ ಸವಾರನ ಕಣ್ಣು, ಒಂದೂವರೆ ಮೀಟರ್ ಎತ್ತರದಲ್ಲಿ. ಎರಡರ ನಡುವಿನ ಏರು 80 ಸೆಂಟಿಮೀಟರ್. ಕೋನಕ್ಕೆ ತಿರುಗಿಸಿದರೆ ಅರ್ಧ ಡಿಗ್ರಿಗಿಂತ ಒಂಚೂರು ಜಾಸ್ತಿ. ಆಕಾಶದಲ್ಲಿ ಪೂರ್ಣಚಂದ್ರನ ಅಗಲವೂ ಅರ್ಧ ಡಿಗ್ರಿಯೇ. ಕ್ಲಾಂಪಿನ ಬೋಲ್ಟು ಸ್ವಲ್ಪ ಸಡಿಲಾದರೆ ದೀಪ ಇದಕ್ಕಿಂತ ಹೆಚ್ಚು ಅಲುಗುತ್ತದೆ. ಲೆಗ್‌ಗಾರ್ಡಿನ ದುಂಡು ಪೈಪಿಗೆ ಹಿಡಿಸಿದ ಅಗ್ಗದ ಕ್ಲಾಂಪು ತಿಂಗಳೊಳಗೆ ಜಾರಿರುತ್ತದೆ. ನೈಲಾಕ್ ನಟ್ಟು, ಕ್ಲಾಂಪಿನೊಳಗೆ ರಬ್ಬರ್ ಪಟ್ಟಿ, ಇವೆರಡಕ್ಕೆ ಚೌಕಾಸಿ ಬೇಡ.

◆ ಹಿಂದೆ ಒಬ್ಬರು ಕೂತರೆ ಸಾಕು, ಮಾಡಿದ ಹೊಂದಾಣಿಕೆಯೆಲ್ಲ ತಲೆಕೆಳಗು. ಬೈಕಿನ ಎರಡು ಚಕ್ರಗಳ ನಡುವಿನ ಅಂತರ 135 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಹಿಂಬದಿಯ ಸಸ್ಪೆನ್ಷನ್ 3 ಸೆಂಟಿಮೀಟರ್ ಕುಗ್ಗಿತು. ಮೂತಿ ಮೇಲೆದ್ದು ಬೆಳಕು ಪ್ರತಿ 100 ಮೀಟರಿಗೆ 2.2 ಮೀಟರ್ ಏರುತ್ತದೆ. ಒಬ್ಬರೇ ಕೂತಾಗ ಅದೇ 100 ಮೀಟರಿಗೆ 1 ಮೀಟರ್ ಇಳಿಯುವಂತೆ ಹೊಂದಿಸಿದ ದೀಪ ಈಗ 1.2 ಮೀಟರ್ ಏರುತ್ತಿದೆ. ಅಂದರೆ 80 ಮೀಟರ್ ದೂರದಲ್ಲಿ, ನೆಲದಿಂದ 166 ಸೆಂಟಿಮೀಟರ್ ಎತ್ತರದಲ್ಲಿ, ಎದುರಿನ ಸ್ಕೂಟರಿನವರ ಮುಖದ ಮೇಲೆ. ಹೆಂಡತಿ, ಮಗು, ಹಿಂದೆ ಎರಡು ಬ್ಯಾಗು ಹೇರಿಕೊಂಡು ಊರಿಗೆ ಹೊರಟವರು ಶಾಕ್ ಅಬ್ಸಾರ್ಬರಿನ ಪ್ರೀಲೋಡ್ ಎರಡು ಹಲ್ಲು ಏರಿಸಿಕೊಳ್ಳಬೇಕು. ಆ ಸ್ಪ್ಯಾನರ್ ಎಷ್ಟೋ ಬೈಕುಗಳ ಟೂಲ್ ಕಿಟ್‌ನಲ್ಲೇ ಬಂದಿರುತ್ತದೆ. ಎಷ್ಟು ಜನ ಅದನ್ನು ಹೊರಗೆ ತೆಗೆದಿದ್ದಾರೋ!

◆ ದೀಪ ಹೊಂದಿಸಲು ಬೇಕಾದದ್ದು ಸಮತಟ್ಟು ನೆಲ, ಒಂದು ಗೋಡೆ, ಒಂದು ಟೇಪು. ಈ ಮೂರೂ ಜೆ.ಪಿ. ನಗರದ ಬಹುತೇಕ ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿವೆ. ಟೈರಿಗೆ ಸರಿಯಾಗಿ ಗಾಳಿ ತುಂಬಿಸಿ. ಬೈಕನ್ನು ಸ್ಟ್ಯಾಂಡಿನಿಂದ ಇಳಿಸಿ ನೇರ ನಿಲ್ಲಿಸಿ ಸವಾರನೇ ಮೇಲೆ ಕೂರಬೇಕು. ಸೆಂಟರ್ ಸ್ಟ್ಯಾಂಡಿನ ಮೇಲೆ ಹೊಂದಿಸಿದ ದೀಪ ರಸ್ತೆಗಿಳಿದಾಗ ಬೇರೆಯೇ ಲೆಕ್ಕ ಹೇಳುತ್ತದೆ. ಗೋಡೆಗೂ ದೀಪಕ್ಕೂ 10 ಮೀಟರ್ ಇದ್ದರೆ, ಬೆಳಕಿನ ಮೇಲಂಚು ದೀಪದ ನಡುಮಟ್ಟಕ್ಕಿಂತ 10 ಸೆಂಟಿಮೀಟರ್ ಕೆಳಗೆ ಬೀಳಲಿ. ಜಾಗ 5 ಮೀಟರ್ ಮಾತ್ರವೇ? ಹಾಗಾದರೆ 5 ಸೆಂಟಿಮೀಟರ್. 70 ಸೆಂಟಿಮೀಟರ್ ಎತ್ತರದ ದೀಪ ಹೀಗೆ ಹೊಂದಿಸಿದಾಗ ಬೆಳಕಿನ ಮೇಲಂಚು ರಸ್ತೆ ಮುಟ್ಟುವುದು 70 ಮೀಟರ್ ಆಚೆ. ಊರೊಳಗೂ ಉರಿಸುವ ಆಸೆಯಿದ್ದರೆ ಇಳಿಜಾರು ಇಮ್ಮಡಿ ಮಾಡಿ.

ಗೋಡೆಯ ಮೇಲೆ ಮೇಲಂಚೇ ಕಾಣಿಸದೆ ದುಂಡಗೆ ಮಸುಕಾಗಿ ಹರಡುವ ದೀಪವೂ ಇದೆ. ಮಾರುಕಟ್ಟೆಯಲ್ಲಿ ಬಹುಪಾಲು ಅಂಥದ್ದೇ. ಅದನ್ನು ಎಷ್ಟು ತಗ್ಗಿಸಿದರೂ ಕೆಲವು ಕಿರಣಗಳು ಮೇಲಕ್ಕೆ ಹೋಗಿಯೇ ಹೋಗುತ್ತವೆ. ಅಂಥ ದೀಪವನ್ನು ಹೈ ಬೀಮ್ ಜೊತೆ ಮಾತ್ರ ಉರಿಯುವಂತೆ ಕಟ್ಟಿಹಾಕಬೇಕು.

◆ ಹೊರದೇಶದಿಂದ ತರಿಸಿದ ದುಬಾರಿ ದೀಪ ನಮ್ಮ ರಸ್ತೆಯಲ್ಲಿ ತಪ್ಪು ಬದಿಗೆ ಹೊಡೆಯಬಹುದು. ಲೋ ಬೀಮ್ ಮಾದರಿಯ ದೀಪಗಳಲ್ಲಿ ಬೆಳಕಿನ ಮೇಲಂಚು ಒಂದು ಬದಿಗೆ ಸ್ವಲ್ಪ ಏರಿರುತ್ತದೆ, ರಸ್ತೆಬದಿಯಲ್ಲಿ ನಡೆಯುವವರು ಕಾಣಲೆಂದು. ನಾವು ಎಡಕ್ಕೆ ಓಡಿಸುವವರು, ಏರು ಎಡಕ್ಕಿರಬೇಕು. ಜರ್ಮನಿ, ಅಮೆರಿಕದ ರಸ್ತೆಗೆ ಮಾಡಿದ್ದು ಬಲಕ್ಕೆ ಏರಿಸುತ್ತದೆ. ಇಲ್ಲಿ ಅದು ನೇರ ಎದುರಿನವನ ಕಣ್ಣಿಗೆ. ಇಂಗ್ಲೆಂಡ್, ಜಪಾನ್, ಆಸ್ಟ್ರೇಲಿಯಾದ ಮಾದರಿ ಕೇಳಿ ಪಡೆಯಿರಿ.

◆ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಒಣ ರಸ್ತೆಯ ಮೇಲೆ ಬೈಕ್ ನಿಲ್ಲಲು ಸುಮಾರು 48 ಮೀಟರ್ ಬೇಕು: ಎಚ್ಚೆತ್ತು ಬ್ರೇಕ್ ಹಿಡಿಯುವ ಒಂದೂವರೆ ಸೆಕೆಂಡಿನಲ್ಲಿ 25, ಬ್ರೇಕ್ ಹಿಡಿದ ಮೇಲೆ 23. ವೇಗ 80 ಆದರೆ 74 ಮೀಟರ್. 100 ಆದರೆ 106. ಲೋ ಬೀಮ್ ನಂಬಿಕೊಂಡು 80ರಲ್ಲಿ ಹೋಗುವವನು ಇನ್ನೂ ಕಾಣದ ರಸ್ತೆಯ ಮೇಲೆ ಓಡಿಸುತ್ತಿದ್ದಾನೆ. ಹೊಸ ದೀಪ ಹಾಕಿಸಿದವರು ಸಾಮಾನ್ಯವಾಗಿ ಮಾಡುವ ಮೊದಲ ಕೆಲಸ ವೇಗ ಹೆಚ್ಚಿಸುವುದು. ಅಲ್ಲಿಗೆ ಸಿಕ್ಕ ಲಾಭ ಕೈಬಿಟ್ಟಿತು.

◆ ಸ್ವಿಚ್ಚಿನ ಬದಲು ದೀಪದ ಕರೆಂಟು ಹೊರುವ ರಿಲೇ ಡಬ್ಬಿಯ ಕಾಲುಗಳ ಮೇಲೆ 30, 85, 86, 87 ಎಂದು ಅಂಕಿ ಇರುತ್ತವೆ. ಇದು ಯಾವುದೋ ಕಂಪನಿಯ ಪಾರ್ಟ್ ನಂಬರ್ ಅಲ್ಲ. ಡಿಐಎನ್ 72552 ಎಂಬ ಜರ್ಮನ್ ಮಾನಕ. 30 ಎಂದರೆ ಬ್ಯಾಟರಿಯಿಂದ ನೇರ ಬರುವ ಪ್ಲಸ್. 31 ಅರ್ಥ್. 15 ಕೀಲಿ ತಿರುಗಿಸಿದಾಗ ಜೀವ ಬರುವ ತಂತಿ. 56ಎ ಹೈ ಬೀಮ್, 56ಬಿ ಲೋ ಬೀಮ್. ರಿಲೇಯೊಳಗಿನ ಸುರುಳಿಯ ಎರಡು ತುದಿ 85, 86. ದೀಪಕ್ಕೆ ಹೋಗುವುದು 87. ಐದನೇ ಕಾಲು 87ಎ ಇದ್ದರೆ ಅದು ರಿಲೇ ಆಫ್ ಇರುವಾಗ ಜೀವಂತ. ದೀಪದ ತಂತಿ ಅಲ್ಲಿ ಸಿಕ್ಕಿಸಿದರೆ ಸ್ವಿಚ್ ಹಾಕಿದಾಗ ಆರಿ, ತೆಗೆದಾಗ ಉರಿಯುತ್ತದೆ. ಕೋಣನಕುಂಟೆಯ ಗ್ಯಾರೇಜಿನಲ್ಲೂ ಸ್ಟುಟ್‌ಗಾರ್ಟ್‌ನ ಗ್ಯಾರೇಜಿನಲ್ಲೂ ಇದೇ ಅಂಕಿ.

ಆ ಸ್ಟುಟ್‌ಗಾರ್ಟ್‌ನ ಬಾಷ್ ಕಂಪನಿ 1913ರಲ್ಲಿ ಹೆಡ್‌ಲೈಟ್, ಡೈನಮೋ, ರೆಗ್ಯುಲೇಟರ್ ಮೂರನ್ನೂ ಸೇರಿಸಿ ಮಾರಿದ್ದು ವಾಹನ ದೀಪಗಳ ಚರಿತ್ರೆಯಲ್ಲಿ ದೊಡ್ಡ ತಿರುವು. ನಮ್ಮ ಆಡುಗೋಡಿಯ ಮೈಕೋ ಅದೇ ಬಾಷ್‌ನ ಕೂಸು: 1951ರಲ್ಲಿ ಹುಟ್ಟಿದ ಮೋಟಾರ್ ಇಂಡಸ್ಟ್ರೀಸ್ ಕಂಪನಿ. ಬಿಟಿಎಂ ಪಕ್ಕದ ಮೈಕೋ ಲೇಔಟ್‌ಗೆ ಹೆಸರು ಬಂದದ್ದು ಅಲ್ಲಿಂದ. ಕಂಪನಿ 2008ರಲ್ಲಿ ಹೆಸರು ಬದಲಿಸಿ ಬಾಷ್ ಆಯಿತು, ಬಡಾವಣೆ ಬದಲಿಸಲಿಲ್ಲ.

◆ ರಿಲೇ ಏಕೆ? 55 ವ್ಯಾಟಿನ ಎರಡು ಹ್ಯಾಲೊಜೆನ್ ದೀಪ ಎಳೆಯುವುದು 9 ಆಂಪಿಯರ್‌ಗೂ ಮೇಲೆ. ಹ್ಯಾಂಡಲ್‌ನ ಪುಟ್ಟ ಸ್ವಿಚ್ಚಿನೊಳಗೆ ಅಷ್ಟು ಹರಿದರೆ ಸಂಪರ್ಕದ ಲೋಹ ಸುಟ್ಟು, ಪ್ಲಾಸ್ಟಿಕ್ ಕರಗಿ, ದೀಪ ಆರದ ಸ್ಥಿತಿಗೆ ಬರುತ್ತದೆ. ರಿಲೇ ಇದ್ದರೆ ಸ್ವಿಚ್ಚು ಹೊರಬೇಕಾದದ್ದು ಒಂದು ಆಂಪಿಯರಿನ ಏಳನೇ ಒಂದು ಭಾಗದಷ್ಟು. ತಲಾ 20 ವ್ಯಾಟಿನ ಎಲ್‌ಇಡಿ ಜೋಡಿಗೆ ಮೂರೂ ಚಿಲ್ಲರೆ ಆಂಪಿಯರ್ ಸಾಕು, ರಿಲೇ ಬೇಡ ಎನ್ನುವವರಿದ್ದಾರೆ. ನಾನಂತೂ ಆಗಲೂ ಹಾಕಿಸಿ ಎನ್ನುತ್ತೇನೆ. ದೀಪದ ಕರೆಂಟು ಬೈಕಿನ ಮೂಲ ತಂತಿಗಳೊಳಗೆ ಹೋಗದಿರುವುದೇ ದೊಡ್ಡ ನೆಮ್ಮದಿ.

◆ ಫ್ಯೂಸ್ ಕಾಯುವುದು ದೀಪವನ್ನಲ್ಲ, ತಂತಿಯನ್ನು. ಆದ್ದರಿಂದ ಅದರ ಜಾಗ ದೀಪದ ಬಳಿ ಅಲ್ಲ, ಬ್ಯಾಟರಿಯ ಪ್ಲಸ್‌ನಿಂದ ಒಂದು ಗೇಣಿನೊಳಗೆ. ಫ್ಯೂಸಿಗಿಂತ ಮೊದಲು ಎಲ್ಲಿ ತಂತಿ ಫ್ರೇಮಿಗೆ ಉಜ್ಜಿ ಸಿಪ್ಪೆ ಸುಲಿಯಿತೋ ಅಲ್ಲಿಂದ ಹೊಗೆ ಏಳುತ್ತದೆ, ಅದೂ ಪೆಟ್ರೋಲ್ ಟ್ಯಾಂಕಿನ ಅಡಿಯಲ್ಲಿ.

◆ ಬ್ಲೇಡ್ ಫ್ಯೂಸಿನ ಬಣ್ಣಕ್ಕೂ ಅರ್ಥವಿದೆ: 5 ಆಂಪಿಯರ್ ತಿಳಿಕಂದು, 7.5 ಕಂದು, 10 ಕೆಂಪು, 15 ನೀಲಿ, 20 ಹಳದಿ, 30 ಹಸಿರು. 40 ವ್ಯಾಟಿನ ಎಲ್‌ಇಡಿ ಜೋಡಿಗೆ ತಿಳಿಕಂದು ಸಾಕು. 'ಪದೇ ಪದೇ ಹಾರುತ್ತೆ' ಎಂದು ಹಸಿರು ಸಿಕ್ಕಿಸುವವರು ಫ್ಯೂಸಿನ ಬದಲು ತಂತಿಯನ್ನೇ ಫ್ಯೂಸ್ ಮಾಡಿಕೊಳ್ಳುತ್ತಾರೆ.

◆ ತಂತಿ ಸಣ್ಣದಾದರೆ ಬೆಳಕು ದಾರಿಯಲ್ಲೇ ಕಳವಾಗುತ್ತದೆ. ಹ್ಯಾಲೊಜೆನ್ ಬಲ್ಬಿನ ಬೆಳಕು ವೋಲ್ಟೇಜಿನ 3.4ನೇ ಘಾತಕ್ಕೆ ಅನುಗುಣ. ವೋಲ್ಟೇಜ್ ಶೇ 10 ಇಳಿದರೆ ಬೆಳಕು ಇಳಿಯುವುದು ಶೇ 10 ಅಲ್ಲ, 30. ಮುಕ್ಕಾಲು ಚದರ ಮಿಲಿಮೀಟರಿನ ತಂತಿಯಲ್ಲಿ ಹೋಗಿ ಬರುವ ದಾರಿ ಸೇರಿ 4 ಮೀಟರ್ ಇದ್ದರೆ, 9 ಆಂಪಿಯರಿಗೆ 0.8 ವೋಲ್ಟಿನಷ್ಟು ಸೋರಿಹೋಗುತ್ತದೆ. ಐದರಲ್ಲಿ ಒಂದು ಪಾಲು ಬೆಳಕು ತಂತಿ ಬಿಸಿ ಮಾಡಲು ವ್ಯಯ. ಒಂದೂವರೆ ಚದರ ಮಿಲಿಮೀಟರಿನ ತಂತಿ ಎಳೆದರೆ ನಷ್ಟ ಅರ್ಧಕ್ಕಿಳಿಯುತ್ತದೆ.

ಎಲ್‌ಇಡಿಯ ನಡವಳಿಕೆ ತದ್ವಿರುದ್ಧ. ಒಳ್ಳೆಯ ಎಲ್‌ಇಡಿ ದೀಪದೊಳಗೆ ಡ್ರೈವರ್ ಸರ್ಕ್ಯೂಟ್ ಇರುತ್ತದೆ. ವೋಲ್ಟೇಜ್ ಇಳಿದರೆ ಅದು ಹೆಚ್ಚು ಕರೆಂಟ್ ಎಳೆದು ಬೆಳಕು ಅಷ್ಟೇ ಇಟ್ಟುಕೊಳ್ಳುತ್ತದೆ. ಮಂಕಾಗಿ ಎಚ್ಚರಿಸುವ ಗುಣ ಅದಕ್ಕಿಲ್ಲ. ಕೆಟ್ಟ ಜಾಯಿಂಟ್ ಬಿಸಿಯಾಗುತ್ತಲೇ ಇರುತ್ತದೆ, ಒಂದು ದಿನ ದೀಪ ಪಟ್ಟನೆ ಆರುತ್ತದೆ.

◆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1960ರ ದಶಕದಲ್ಲಿ ಹೊರಬಿದ್ದ ಜಾವಾ 250 ಬೈಕುಗಳು 6 ವೋಲ್ಟಿನವು. ವೋಲ್ಟೇಜ್ ಅರ್ಧವಾದರೆ ಅದೇ ವ್ಯಾಟಿಗೆ ಕರೆಂಟ್ ಎರಡರಷ್ಟು: 35 ವ್ಯಾಟಿನ ಬಲ್ಬಿಗೆ 6 ಆಂಪಿಯರಿನ ಹತ್ತಿರ. ತಂತಿಯಲ್ಲಿ ಅರ್ಧ ವೋಲ್ಟ್ ಸೋರಿದರೂ ಆರರಲ್ಲಿ ಅದು ದೊಡ್ಡ ಪಾಲು. ಹಳೆಯ ಜಾವಾದ ದೀಪ ಮಂಕು ಎಂದು ಬೈಯುವ ಮೊದಲು ಅದರ ಅರ್ಥಿಂಗ್ ಜಾಗದ ತುಕ್ಕು ಉಜ್ಜಿ ನೋಡುವುದು ಮೈಸೂರಿನ ಹಳೇ ಮೆಕ್ಯಾನಿಕ್‌ಗಳ ಕ್ರಮ. ಈಗಿನ ಬೈಕಿಗೂ ಅದು ತಪ್ಪಲ್ಲ. ಫ್ರೇಮಿನ ಬಣ್ಣದ ಮೇಲೆ ಅರ್ಥ್ ಕಚ್ಚಿಸುವುದಕ್ಕಿಂತ ಬ್ಯಾಟರಿಯ ಮೈನಸ್‌ಗೇ ತಂತಿ ಎಳೆಯುವುದು ಲೇಸು.

◆ 2017ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ತಯಾರಾಗುವ ದ್ವಿಚಕ್ರ ವಾಹನಗಳ ಹೆಡ್‌ಲೈಟ್‌ಗೆ ಆಫ್ ಸ್ವಿಚ್ ಇಲ್ಲ. ಎಂಜಿನ್ ಚಾಲೂ ಆದರೆ ದೀಪವೂ ಚಾಲೂ. ಹೀಗಾಗಿ ಲೋ ಬೀಮ್ ತಂತಿಯಿಂದ ರಿಲೇಗೆ ಸೂಚನೆ ತೆಗೆದವರ ಹೆಚ್ಚುವರಿ ದೀಪ ಹಾಡಹಗಲೂ ಉರಿಯುತ್ತದೆ, ನಡುವೆ ಸ್ವಿಚ್ ಇಲ್ಲದಿದ್ದರೆ. ಬ್ಯಾಟರಿಯಿಂದ ನೇರ ಸೂಚನೆ ತೆಗೆಯುವುದು ಇನ್ನೂ ಕೆಟ್ಟದ್ದು: ಕೀಲಿ ತೆಗೆದರೂ ದೀಪ ಉಳಿಯುತ್ತದೆ, 5 ಆಂಪಿಯರ್-ಅವರ್‌ನ ಬ್ಯಾಟರಿ 40 ವ್ಯಾಟಿನ ಜೋಡಿಗೆ ಎರಡು ಗಂಟೆಯೂ ಬಾಳುವುದಿಲ್ಲ.

◆ ಹೊಸ ತಲೆಮಾರಿನ ಕೆಲವು ದೊಡ್ಡ ಬೈಕುಗಳಲ್ಲಿ ತಂತಿ ಕತ್ತರಿಸಿ ಕಚ್ಚಿಸಿದರೆ ಡ್ಯಾಶ್‌ಬೋರ್ಡ್ ದೂರು ಹೇಳಲು ಶುರುಮಾಡುತ್ತದೆ. ಸ್ವಿಚ್ಚು, ದೀಪ, ಎಂಜಿನ್ನು ಪರಸ್ಪರ ಸುದ್ದಿ ಕಳಿಸುವ ಕ್ಯಾನ್ ಬಸ್ ವ್ಯವಸ್ಥೆ ಅದರ ಕಾರಣ. ಇದೂ ಬಾಷ್‌ನದೇ: 1983ರಲ್ಲಿ ಶುರುಮಾಡಿ 1986ರಲ್ಲಿ ಡೆಟ್ರಾಯಿಟ್‌ನಲ್ಲಿ ಲೋಕಕ್ಕೆ ತೋರಿಸಿದ್ದು. ಅಂಥ ಬೈಕಿಗೆ ಕಂಪನಿಯೇ ಬಿಟ್ಟಿರುವ ಪರಿಕರದ ಕಪ್ಲರ್ ಹುಡುಕಬೇಕು, ಕಟಿಂಗ್ ಪ್ಲೈಯರ್ ಅಲ್ಲ.

◆ ಬೆಸುಗೆ ಹಾಕಿದ ಜಾಯಿಂಟ್ ಬೈಕಿನಲ್ಲಿ ಯಾವಾಗಲೂ ಉತ್ತಮವಲ್ಲ. ಕರಗಿದ ಸೀಸ ತಂತಿಯ ಎಳೆಗಳೊಳಗೆ ಹರಿದು ಒಂದು ತುಂಡನ್ನು ಕಡ್ಡಿಯಂತೆ ಬಿಗಿ ಮಾಡುತ್ತದೆ. ಆ ಬಿಗಿ ಮುಗಿಯುವಲ್ಲಿ ಎಂಜಿನ್ನಿನ ನಡುಕಕ್ಕೆ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ಸರಿಯಾದ ಇಕ್ಕುಳದಲ್ಲಿ ಒತ್ತಿದ ಕ್ರಿಂಪ್, ಮೇಲೆ ಹೀಟ್ ಶ್ರಿಂಕ್ ಸ್ಲೀವ್ ಹೆಚ್ಚು ಬಾಳುತ್ತದೆ. ಇನ್ಸುಲೇಷನ್ ಟೇಪು ಒಂದೇ ಬೇಸಿಗೆಗೆ ಅಂಟು ಬಿಟ್ಟು ಜಾರುತ್ತದೆ. ಇವೆಲ್ಲ ಸಿಗುವ ಎಸ್.ಪಿ. ರಸ್ತೆಗೂ, ದೀಪ ಸಿಗುವ ಜೆ.ಸಿ. ರಸ್ತೆಗೂ ಹೋಗಲು ಕೋಣನಕುಂಟೆ ಕ್ರಾಸ್‌ನಿಂದ ಹಸಿರು ಮಾರ್ಗದ ಮೆಟ್ರೊ ಸಾಕು, ರೈಲು ಬದಲಿಸಬೇಕಿಲ್ಲ. ಕೆ.ಆರ್. ಮಾರ್ಕೆಟ್‌ನಲ್ಲಿ ಇಳಿಯಿರಿ.

◆ ಇಳಿಯುವ ಆ ಮಾರ್ಕೆಟ್ಟಿನ ಬಳಿಯೇ 1905ರ ಆಗಸ್ಟ್ 5ರಂದು ಬೆಂಗಳೂರಿನ ಮೊದಲ ವಿದ್ಯುತ್ ಬೀದಿದೀಪ ಹೊತ್ತಿದ್ದು. ಕರೆಂಟು ಬಂದದ್ದು ಶಿವನಸಮುದ್ರದಿಂದ. ಕನಕಪುರ ರಸ್ತೆ ಹಿಡಿದು ಮಳವಳ್ಳಿ ದಾಟಿದರೆ ಸಿಗುವ ಅದೇ ಶಿವನಸಮುದ್ರ.

◆ ದೀಪದ ಮೇಲಿನ ಐಪಿ67 ಎಂಬ ಗುರುತಿನಲ್ಲಿ 6 ಎಂದರೆ ಧೂಳು ನುಗ್ಗದು, 7 ಎಂದರೆ 1 ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಒಳಗೆ ನೀರಿಲ್ಲ. ವಾಟರ್ ಸರ್ವಿಸ್‌ನ ಜೋರಾದ ಜೆಟ್ ಈ ಪರೀಕ್ಷೆಯಲ್ಲಿ ಸೇರಿಲ್ಲ. ಅದಕ್ಕೆ ಬೇರೆಯೇ ಗುರುತು: ಐಪಿ69ಕೆ.

◆ ಹಳದಿ ಬೆಳಕು ಮಂಜನ್ನು ಸೀಳುತ್ತದೆ ಎಂಬುದು ನಂಬಿಕೆ ಮಾತ್ರ. ಫ್ರಾನ್ಸ್ 1930ರ ದಶಕದ ಕೊನೆಯಿಂದ 1993ರವರೆಗೆ ತನ್ನ ವಾಹನಗಳಿಗೆಲ್ಲ ಹಳದಿ ಹೆಡ್‌ಲೈಟ್ ಕಡ್ಡಾಯ ಮಾಡಿತ್ತು, ನಿಜ. ಆದರೆ ಬಣ್ಣಕ್ಕೆ ತಕ್ಕಂತೆ ಬೆಳಕು ಚೆದರಬೇಕಾದರೆ ಅಡ್ಡ ಬರುವ ಕಣ ಬೆಳಕಿನ ಅಲೆಗಿಂತ ತೀರಾ ಚಿಕ್ಕದಿರಬೇಕು, ಸಿ.ವಿ. ರಾಮನ್ ಕಡಲಿನ ನೀಲಿಯಲ್ಲಿ ಕಂಡುಕೊಂಡ ಅಣುಗಳಂತೆ. ಮಂಜಿನ ಹನಿ ಬೆಳಕಿನ ಅಲೆಗಿಂತ ಹತ್ತಾರು ಪಟ್ಟು ದೊಡ್ಡದು. ಹಳದಿ, ಬಿಳಿ ಎರಡನ್ನೂ ಒಂದೇ ರೀತಿ ಎರಚುತ್ತದೆ. ಫಾಗ್ ಲೈಟಿನ ನಿಜವಾದ ಗುಟ್ಟು ಅದರ ಜಾಗ: ನೆಲಕ್ಕೆ ಹತ್ತಿರ, ಅಗಲವಾಗಿ, ಮೇಲಂಚು ಕತ್ತರಿಸಿದಂತೆ. ಬೆಳಕು ಕಣ್ಣಿನ ನೇರಕ್ಕೆ ಬಂದು ಮಂಜಿಗೆ ಬಡಿದು ವಾಪಸಾಗದಿದ್ದರೆ ಸಾಕು. ಭಾನುವಾರ ನಸುಕಿಗೆ 1,478 ಮೀಟರ್ ಎತ್ತರದ ನಂದಿಬೆಟ್ಟಕ್ಕೆ ಹೊರಡುವವರು ಮಂಜು ಕವಿದಾಗ ಹೈ ಬೀಮ್ ಹಾಕಿ ನೋಡಲಿ. ಬಿಳಿ ಗೋಡೆಯೊಂದು ಎದುರು ನಿಲ್ಲುತ್ತದೆ.

ಹಾಗಾದರೆ ಹಳದಿ ನಿರುಪಯೋಗಿಯೇ? ಅಲ್ಲ. ನೀಲಿ ಅಂಶ ಕಡಿಮೆಯಾದ ಬೆಳಕು ಎದುರಿನವರ ಕಣ್ಣಿಗೆ ಕಡಿಮೆ ಚುಚ್ಚುತ್ತದೆ. ಅಷ್ಟಕ್ಕಾದರೂ ಕೊಳ್ಳಬಹುದು.

◆ ಕತ್ತಲೆಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಅದನ್ನು ಕೆಡಿಸಲು ಒಂದು ಎಲ್‌ಇಡಿ, ಒಂದು ಕ್ಷಣ. 60ರ ವಯಸ್ಸಿನವರ ಅಕ್ಷಿಪಟಲಕ್ಕೆ ತಲುಪುವ ಬೆಳಕು 20ರ ಹರೆಯದವರದ್ದರ ಸುಮಾರು ಮೂರನೇ ಒಂದು ಪಾಲು. ಪೊರೆ ಶುರುವಾದ ಕಣ್ಣಿಗೆ ಎದುರಿನ ದೀಪ ಬಿಂದುವಾಗಿ ಕಾಣದೆ ಹರಡಿಕೊಂಡು ಕಾಣುತ್ತದೆ. ಸಂಜೆ ಜಯನಗರ, ಬನಶಂಕರಿಯಲ್ಲಿ ರಸ್ತೆ ದಾಟಲು ನಿಂತ ಹಿರಿಯರ ಮುಂದೆ ಇದನ್ನು ನೆನೆದು ಸ್ವಿಚ್ ಆರಿಸಿ.

◆ ಒಂಟಿ ದೀಪದ ಬೈಕ್ ಎಷ್ಟು ವೇಗದಲ್ಲಿ ಬರುತ್ತಿದೆ ಎಂದು ಅಂದಾಜಿಸುವುದು ರಾತ್ರಿ ಕಷ್ಟ. ಕಾರಿನ ಎರಡು ದೀಪಗಳು ಹತ್ತಿರವಾದಂತೆ ದೂರ ಸರಿಯುವುದನ್ನು ಕಣ್ಣು ಅಳೆಯುತ್ತದೆ. ಒಂಟಿ ದೀಪದಲ್ಲಿ ಅಳೆಯಲು ಏನೂ ಇಲ್ಲ. ಲಂಡನ್ ವಿಶ್ವವಿದ್ಯಾಲಯದ ರಾಯಲ್ ಹಾಲೋವೇ ಕಾಲೇಜಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೆಡ್‌ಲೈಟ್ ಜೊತೆ ಇನ್ನೆರಡು ದೀಪ ಸೇರಿ ತ್ರಿಕೋನವಾದಾಗ ಜನರ ಅಂದಾಜು ಸುಧಾರಿಸಿತು. ಇದಕ್ಕೆ ಪ್ರಖರ ದೀಪ ಬೇಕಿಲ್ಲ; ಅಗಲದಲ್ಲಿ ಕೂತ ಮಂದ ದೀಪಗಳೂ ತ್ರಿಕೋನವನ್ನೇ ಮಾಡುತ್ತವೆ. ಹೆಚ್ಚುವರಿ ದೀಪಕ್ಕೆ ಊರೊಳಗೆ ಒಂದು ಸಮರ್ಥನೆ ಇದ್ದರೆ ಇದೊಂದೇ.

◆ ಮುಂದಕ್ಕೆ ಕೆಂಪು ಬೆಳಕು ತೋರಿಸುವುದನ್ನು 108ನೇ ನಿಯಮ ನಿಷೇಧಿಸುತ್ತದೆ. ಕೆಂಪು–ನೀಲಿ ಮಿಣಮಿಣ ಹಾಕಿಸಿಕೊಂಡವರು ಆಂಬುಲೆನ್ಸ್ ಅಲ್ಲ ಎಂದು ಅವರಿಗೂ ಗೊತ್ತು, ಪೊಲೀಸರಿಗೂ ಗೊತ್ತು.

◆ 2024ರ ಜುಲೈನಲ್ಲಿ ಕರ್ನಾಟಕ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ವಿರುದ್ಧ ರಾಜ್ಯದುದ್ದಕ್ಕೂ ಪ್ರಕರಣ ದಾಖಲಿಸಲು ಶುರುಮಾಡಿದರು, ಮೋಟಾರು ವಾಹನ ಕಾಯ್ದೆಯ 177ನೇ ಸೆಕ್ಷನ್ ಅಡಿ. ಕಾಯ್ದೆಯ 52ನೇ ಸೆಕ್ಷನ್ ಇನ್ನೂ ಗಟ್ಟಿ: ನೋಂದಣಿ ವಿವರಗಳು ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಒಂದು ಜೋಡಿ ದೀಪ ಆ 'ವಿವರ'ಕ್ಕೆ ಸೇರುತ್ತದೆಯೇ ಎಂದು ವಾದಿಸಬಹುದು. ಕೆಲವು ತಯಾರಕರು ತಾವೇ ಅಧಿಕೃತ ಪರಿಕರವಾಗಿ ಮಾರುತ್ತಾರೆ. ರಸ್ತೆಯಲ್ಲಿ ಕೈ ಅಡ್ಡ ಹಿಡಿದ ಪೊಲೀಸ್ ನೋಡುವುದು ಮಾತ್ರ ಒಂದೇ: ತನ್ನ ಕಣ್ಣು ಕುಕ್ಕಿತೇ ಇಲ್ಲವೇ.

◆ ದೀಪದ ಗಾಜಿನ ಮೇಲೆ ವೃತ್ತದೊಳಗೆ ಇಂಗ್ಲಿಷಿನ ಇ ಅಕ್ಷರ, ಪಕ್ಕದಲ್ಲೊಂದು ಅಂಕಿ ಇದ್ದರೆ ಅದು ವಿಶ್ವಸಂಸ್ಥೆಯ ವಾಹನ ನಿಯಮಗಳ ಪ್ರಕಾರ ಪರೀಕ್ಷೆಯಾದ ಗುರುತು. ಅಂಕಿ ಅನುಮೋದಿಸಿದ ದೇಶದ್ದು: 1 ಜರ್ಮನಿ, 2 ಫ್ರಾನ್ಸ್, 3 ಇಟಲಿ, 4 ನೆದರ್ಲೆಂಡ್ಸ್. ಆ 1958ರ ಒಪ್ಪಂದಕ್ಕೆ ಭಾರತ ಸೇರಿಲ್ಲವಾದ್ದರಿಂದ ನಮಗೊಂದು ಅಂಕಿಯಿಲ್ಲ. ಗುರುತಿಲ್ಲದ ದೀಪ ಕೆಟ್ಟದ್ದೆಂದಲ್ಲ; ಅದರ ಬೆಳಕು ಎಲ್ಲಿ ಬೀಳುತ್ತದೆಂದು ಯಾರೂ ಅಳೆದು ಬರೆದಿಲ್ಲ, ಅಷ್ಟೇ.

◆ ಕೊಳ್ಳುವ ಮೊದಲು ಡಬ್ಬಿಯ ಮೇಲೆ ಒಂದು ಭಾಗಾಕಾರ ಮಾಡಿ. ಲ್ಯೂಮೆನ್ ಅನ್ನು ವ್ಯಾಟಿನಿಂದ ಭಾಗಿಸಿ. ಇಂದಿನ ಒಳ್ಳೆಯ ಬಿಳಿ ಎಲ್‌ಇಡಿ ವ್ಯಾಟಿಗೆ 100ರಿಂದ 150 ಲ್ಯೂಮೆನ್ ಕೊಟ್ಟರೆ ಚೆನ್ನಾಗಿ ದುಡಿಯುತ್ತಿದೆ ಎಂದರ್ಥ. ಒಂದು ವ್ಯಾಟಿನಷ್ಟು ಶುದ್ಧ ಹಸಿರು ಬೆಳಕು, ಒಂದಿಷ್ಟೂ ಶಾಖವಾಗಿ ಪೋಲಾಗದೆ ಪೂರ್ತಿ ಕಣ್ಣಿಗೆ ಬಂದರೂ ಸಿಗುವುದು 683 ಲ್ಯೂಮೆನ್. ಭೌತಶಾಸ್ತ್ರ ಹಾಕಿರುವ ಮೇಲ್ಮಿತಿ ಅದು. ಡಬ್ಬಿಯ ಮೇಲೆ '20 ವ್ಯಾಟ್, 20,000 ಲ್ಯೂಮೆನ್' ಎಂದಿದ್ದರೆ ವ್ಯಾಟಿಗೆ 1,000 ಬಂತು. ಅಂಗಡಿಯವರಿಗೆ ಡಬ್ಬಿ ವಾಪಸ್ ಕೊಟ್ಟು, ಪಕ್ಕದ್ದು ತೋರಿಸಿ ಎನ್ನಿ.